ಮೀಸೆ ಬಂದ ‘ಮಗು’

ಹೊನ್ನಾಳಿಯಿಂದ ದಾವಣಗೆರೆಗೆ ಹೊರಟ ಸಾರಿಗೆ ಸಂಸ್ಥೆಯ ಬಸ್ಸು ಅಂದುಕೊಳ್ಳಿ. ಬೆಳಗಿನ ಹೊತ್ತು, ಸೀಟುಗಳು ಆಗಲೇ ತುಂಬಿವೆ. ಮೂರನೇ ಸಾಲಿನಲ್ಲಿ ತಾಯಿ, ಕಿಟಕಿ ಪಕ್ಕ ಮಗ. ತಾಯಿಯ ಟಿಕೆಟ್ಟಿನ ಚಿಂತೆ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ 2023ರ ಜೂನ್ 11ಕ್ಕೇ ಮುಗಿದಿದೆ. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾರೆ. ಮಗನಿಗೆ ಅಂಗವಿಕಲರ ಪಾಸಿದೆ. ಅದರ ಮೇಲಿನ ಫೋಟೊದಲ್ಲಿ ಮೀಸೆ ಇಲ್ಲ, ಎದುರಿಗೆ ಕೂತ ಮುಖದಲ್ಲಿ ಇದೆ. ಕಂಡಕ್ಟರು ಎರಡನ್ನೂ ತಾಳೆ ನೋಡುತ್ತಾನೆ. ‘ಇವ್ನೇ ಏನಮ್ಮ ಇದು?’ ತಾಯಿಯ ಉತ್ತರ ಈ ಸೀಮೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಕೇಳಿರುವಂಥದ್ದು: ‘ಹೂಂ ಕಣಪ್ಪ, ಇವ್ನೇ. ಮೈ ಬೆಳೆದೈತಿ ಅಷ್ಟೇ, ಮಗು ಇದ್ದಂಗೆ.’

ಈ ತಾಯಿ ಮಗನಿಗೆ ನಾನು ಹೆಸರಿಟ್ಟಿಲ್ಲ, ಇಡುವುದೂ ಇಲ್ಲ. ಬರವಣಿಗೆಗಾಗಿ ಕಟ್ಟಿಕೊಂಡ ಜೋಡಿ ಅದು. ಆದರೆ ನಮ್ಮ ಓಣಿಯಲ್ಲಿ, ನಮ್ಮ ನೆಂಟರಿಷ್ಟರಲ್ಲಿ ಅಂಥವರು ಒಬ್ಬರೂ ಇಲ್ಲ ಎನ್ನುವ ಓದುಗರು ಹೆಚ್ಚಿರಲಾರರು. 2011ರ ಜನಗಣತಿ ಕರ್ನಾಟಕದಲ್ಲಿ ಎಣಿಸಿದ ಅಂಗವಿಕಲರು 13.24 ಲಕ್ಷ. ಅದು ಎಂಟು ಬಗೆಯ ವೈಕಲ್ಯಗಳನ್ನಷ್ಟೇ ಕೇಳಿದ್ದ ಎಣಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದೆ. ಹೊಸ ಪಟ್ಟಿ ಹಿಡಿದು ಮನೆ ಮನೆ ಎಣಿಸಿದ ದಿನ ಆ ಹಳೆಯ ಸಂಖ್ಯೆ ಚಿಕ್ಕದಾಗಿ ಕಾಣುವುದರಲ್ಲಿ ಅನುಮಾನವಿಲ್ಲ.

ಬಸ್ಸಿನ ವಿಷಯಕ್ಕೆ ಬರೋಣ. ತಾಯಿ ಮಗ ಹೊರಟಿರುವುದು ಔಷಧಿಗಲ್ಲ, ಕಾಗದಕ್ಕೆ. ಮಗನಿಗೆ ಹದಿನೆಂಟು ತುಂಬಿದೆ. ಹೊನ್ನಾಳಿಯವರಿಗೆ ಔಷಧಿಗೊಂದು, ಕಾಗದಕ್ಕೊಂದು ಎಂಬ ಈ ಎರಡು ದಾರಿಯ ಸಂಕಟ ಹಳೆಯದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮೊದಲು ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಜಿಲ್ಲೆ ಬದಲಾದರೂ ಕಾಲು ಬದಲಾಗಲಿಲ್ಲ. ಮೈ ಹುಷಾರಿಲ್ಲ ಎಂದರೆ ಹೊನ್ನಾಳಿ, ನ್ಯಾಮತಿ ಕಡೆಯವರ ಕಾಲು ಇವತ್ತಿಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯತ್ತ ತಿರುಗುತ್ತದೆ; ಸಹಿ, ಸೀಲು ಬೇಕೆಂದರೆ ಮಾತ್ರ ದಾವಣಗೆರೆ. ಈ ದಾರಿಗಳಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ತಾಯಿಯ ಸೊನ್ನೆ ಚೀಟಿಯೂ ನಡೆಯದು, ಮಗನ ಪಾಸೂ ನಡೆಯದು. ಹಾಗಾಗಿ ಇಂಥ ಮನೆಯವರು ಬಸ್ಸಿಗೆ ಕಾಯುವುದು ಉಳಿದವರಿಗಿಂತ ಹೆಚ್ಚು.

ಹದಿನೆಂಟು ತುಂಬುವುದು ಮಿಕ್ಕ ಮಕ್ಕಳಿಗೆ ಗಾಡಿ ಲೈಸೆನ್ಸಿನ, ಮತದಾರರ ಪಟ್ಟಿಯ ಸಂಭ್ರಮ. ಈ ಹುಡುಗನಿಗೆ ಅದು ಒಂದೊಂದೇ ಬಾಗಿಲು ಮುಚ್ಚುವ ಸದ್ದು. 2016ರ ಕಾಯ್ದೆಯ 31ನೇ ಕಲಂ ಪ್ರಕಾರ ಗಣನೀಯ ವೈಕಲ್ಯವಿರುವ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿರುವುದು 6ರಿಂದ 18ರವರೆಗೆ. ಸಮಗ್ರ ಶಿಕ್ಷಣದಡಿ ಮನೆಗೇ ಬಂದು ಕಲಿಸುತ್ತಿದ್ದ ಬಿಐಇಆರ್‌ಟಿ ಮೇಷ್ಟ್ರು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಇನ್ನು ಬರುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಹುಟ್ಟಿನಿಂದ 18ರವರೆಗೆ, ಅದೂ ಮುಗಿಯಿತು. ಮಕ್ಕಳ ವೈದ್ಯರು ‘ಇನ್ನು ದೊಡ್ಡವರ ಡಾಕ್ಟರ ಹತ್ತಿರ ತೋರಿಸಿ’ ಎನ್ನುತ್ತಾರೆ. ದೊಡ್ಡವರ ಡಾಕ್ಟರು ಹುಡುಗನ ಕಡೆ ನೋಡದೆ ತಾಯಿಯನ್ನೇ ಮಾತಾಡಿಸುತ್ತಾರೆ. ಮೂರ್ಛೆರೋಗದ ಗುಳಿಗೆ ನುಂಗುವ ಹುಡುಗನಾದರೆ ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಗುಳಿಗೆ ನಡುವೆ ತಪ್ಪಿದರೆ ಫಿಟ್ಸ್ ಮರುಕಳಿಸುತ್ತದೆ.

ಇನ್ನು ಪ್ರಮಾಣಪತ್ರ. ಬುದ್ಧಿಮಾಂದ್ಯತೆಗೆ ಸಂಬಂಧಿಸಿದಂತೆ 2018ರ ಜನವರಿಯಲ್ಲಿ ಹೊರಟ ಕೇಂದ್ರದ ಮಾರ್ಗಸೂಚಿ ಹೇಳಿದ್ದು ಹೀಗೆ: ಮಗುವಿಗೆ 5, 10, 18 ತುಂಬಿದಾಗ ಮತ್ತೆ ಪರೀಕ್ಷೆಯಾಗಬೇಕು, ಹದಿನೆಂಟರಲ್ಲಿ ಕೊಟ್ಟದ್ದು ಜೀವಮಾನಕ್ಕೆ ನಡೆಯುತ್ತದೆ. ಒಳ್ಳೆಯ ನಿಯಮವೇ. ಆದರೆ ಚಿಕ್ಕಂದಿನಲ್ಲಿ ಕೊಟ್ಟ ಪತ್ರಕ್ಕೆ ವಾಯಿದೆ ಇತ್ತೆಂಬುದು ತಾಯಿಗೆ ತಿಳಿಯುವುದು ಸಾಮಾನ್ಯವಾಗಿ ಮಾಸಾಶನ ನಿಂತ ತಿಂಗಳು. ಅದರ ಹಿಂದೆಯೇ ಇನ್ನೊಂದು ಗಂಟು. ಆಧಾರಿನ ಬೆರಳಚ್ಚು, ಕಣ್ಣಿನ ಗುರುತನ್ನು 15ರಲ್ಲಿ ಹೊಸದಾಗಿ ಕೊಡಬೇಕು. ಕೈ ಬಿಗಿದ, ಒಂದು ಕ್ಷಣವೂ ತಲೆ ನಿಲ್ಲಿಸಲಾಗದ ಸೆರೆಬ್ರಲ್ ಪಾಲ್ಸಿಯ ಹುಡುಗನನ್ನು ಆ ಯಂತ್ರದ ಮುಂದೆ ಕೂರಿಸುವುದೆಂದರೇನು ಎಂಬುದು ಕೂರಿಸಿದವರಿಗಷ್ಟೇ ಗೊತ್ತು. ಬೆರಳು, ಕಣ್ಣು ಸಿಗದಿದ್ದರೂ ಆಧಾರ್ ಮಾಡಿಕೊಡಲು ವಿನಾಯಿತಿಯ ದಾರಿ ಇದೆ. ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿರಬೇಕು, ಅಷ್ಟೆ.

ನಾವು ಕನ್ನಡಿಗರು ಇವರಿಗೆ ಹೆಸರು ಹುಡುಕುವುದರಲ್ಲಿ ಧಾರಾಳಿಗಳು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಇಲಾಖೆಯ ಬೋರ್ಡೂ ಅದಕ್ಕೆ ತಕ್ಕಂತೆ ಬಣ್ಣ ಬದಲಿಸಿದೆ. ಮನೆಮಾತಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು: ದೇವರಂಥ ಮಗು. ಪ್ರೀತಿಯಿಂದ ಬಂದ ಮಾತು, ಬೈಯುವ ಹಾಗಿಲ್ಲ. ಆದರೂ ನನಗೆ ಅದರ ಮೇಲೊಂದು ಸಿಟ್ಟಿದೆ. ದೇವರಂಥ ಮಗು ದೊಡ್ಡದಾಗುವುದಿಲ್ಲ. ಅದಕ್ಕೆ ಗಡ್ಡ ಹೆರೆದುಕೊಳ್ಳುವುದನ್ನು ಕಲಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹಬ್ಬದ ಹಿಂದಿನ ದಿನ ಅಪ್ಪನೇ ಕೂರಿಸಿಕೊಂಡು ಹೆರೆಯುತ್ತಾನೆ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಗಡ್ಡ ಹಾಗೇ ಬೆಳೆಯುತ್ತದೆ. ಹತ್ತು ವರ್ಷ ಸ್ಲೇಟಿನ ಮೇಲೆ ಅ ಆ ತಿದ್ದಿಸಿದ್ದೇವೆ. ನೂರರ ನೋಟು ಕೊಟ್ಟು ಎಂಬತ್ತರ ಸಾಮಾನು ತಂದು ಚಿಲ್ಲರೆ ಎಣಿಸುವುದು, ಸ್ನಾನದ ಮನೆಯ ಬಾಗಿಲು ತಾನೇ ಹಾಕಿಕೊಳ್ಳುವುದು, ಊರಿನ ಬಸ್ಸಿನ ಬೋರ್ಡು ಗುರುತಿಸುವುದು, ಮೈ ಮುಟ್ಟಲು ಬಂದವರಿಗೆ ‘ಬೇಡ’ ಎನ್ನುವುದು, ಇವನ್ನು ಕಲಿಸಿದ ಶಾಲೆಗಳಿಗಾಗಿ ಹುಡುಕಬೇಕು. ಈ ಕಲಿಕೆಗೆ ನಿಧಾನ ಬೇಕು. ಹದಿನಾಲ್ಕಕ್ಕೆ ಹಿಡಿದರೆ ಹದಿನೆಂಟಕ್ಕೆ ಒಂದಿಷ್ಟು ಕೈಗೆ ಹತ್ತುತ್ತದೆ.

ಇಂಗ್ಲೆಂಡಿನಲ್ಲಿ ಇಂಥ ಮಕ್ಕಳ ಮುಂದಿನ ಬದುಕಿನ ಮಾತುಕತೆ ಒಂಬತ್ತನೇ ತರಗತಿಯಲ್ಲಿ, ಹದಿಮೂರು ಹದಿನಾಲ್ಕರ ವಯಸ್ಸಿಗೇ ಶುರುವಾಗಬೇಕೆಂದು ನಿಯಮವಿದೆ. 2014ರ ಅವರ ಕಾನೂನು ಬೆಂಬಲದ ಯೋಜನೆಯನ್ನು ಅಗತ್ಯವಿದ್ದವರಿಗೆ 25ರವರೆಗೂ ಎಳೆಯುತ್ತದೆ. ಅಮೆರಿಕದಲ್ಲಿ ಹದಿನಾರಕ್ಕೆ ಶಾಲೆಯೇ ಈ ಯೋಜನೆಯನ್ನು ಬರೆದಿಡಬೇಕು. ನಮ್ಮ ಕಾಯ್ದೆ ಒಂದು ಕಡೆ ಶಿಕ್ಷಣದ ಹಕ್ಕು ಕೊಟ್ಟಿದೆ, ಇನ್ನೊಂದು ಕಡೆ, 19ನೇ ಕಲಮಿನಲ್ಲಿ, ವೃತ್ತಿ ತರಬೇತಿಯ ಮಾತಾಡಿದೆ. ನಡುವಿನ ಹೊಳೆಗೆ ಸಂಕ ಹಾಕಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ‘ಮಗು’ ಎಂಬ ಮಾತು ಇನ್ನೂ ಅಪಾಯದ್ದು. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ, ಮುಟ್ಟಿನ ದಿನಗಳಲ್ಲಿ ಶುಚಿ ಕಾಪಾಡಿಕೊಳ್ಳುವುದು ಕಷ್ಟವೆಂದು, ಪುಣೆಯ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿದ್ದರು. ದೇಶದಲ್ಲಿ ದೊಡ್ಡ ಗದ್ದಲವಾಯಿತು. ‘ಆಪರೇಷನ್ ಮಾಡಿಸಿಬಿಟ್ರೆ ತಾಪತ್ರಯ ಇರಲ್ಲ’ ಎಂಬ ಸಲಹೆ ಮಾತ್ರ ಹಳ್ಳಿಯ ಕಟ್ಟೆಗಳ ಮೇಲೆ ಇನ್ನೂ ಬದುಕಿದೆ. ಸುಪ್ರೀಂ ಕೋರ್ಟು 2009ರಲ್ಲಿ, ಚಂಡೀಗಢದ ಪ್ರಕರಣವೊಂದರಲ್ಲಿ, ಬುದ್ಧಿಮಾಂದ್ಯ ಯುವತಿಯ ಬಸಿರಿನ ಬಗ್ಗೆ ಅವಳ ಇಷ್ಟವನ್ನು ಮೀರಿ ಆಡಳಿತ ತೀರ್ಮಾನ ಮಾಡುವಂತಿಲ್ಲ ಎಂದಿತು. 2017ರಲ್ಲಿ ಅದೇ ಕೋರ್ಟಿನ ಮುಂದೆ ದೆಹಲಿಯ ಒಂದು ಮೊಕದ್ದಮೆ ಬಂತು. ಸೆರೆಬ್ರಲ್ ಪಾಲ್ಸಿ ಇದ್ದ ಮಧ್ಯವಯಸ್ಸಿನ ಹೆಣ್ಣುಮಗಳು, ‘ಮಾನಸಿಕ ವಯಸ್ಸು’ ಆರೇಳು ವರ್ಷ, ಅತ್ಯಾಚಾರದ ಆರೋಪ. ಅವಳನ್ನು ಮಗುವೆಂದೇ ತಿಳಿದು ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಅನ್ವಯಿಸಿ ಎಂದು ತಾಯಿ ಬೇಡಿಕೊಂಡಿದ್ದರು. ಕೋರ್ಟು ಒಪ್ಪಲಿಲ್ಲ, ಆ ಕಾಯ್ದೆಗೆ ಹುಟ್ಟಿದ ದಿನದಿಂದ ಲೆಕ್ಕ ಹಾಕಿದ ವಯಸ್ಸೇ ವಯಸ್ಸು ಎಂದಿತು. ತೀರ್ಪು ಓದಿದಾಗ ಕರುಳು ಹಿಂಡಿದಂತಾಗುತ್ತದೆ. ಆದರೂ ಅದರ ಅರ್ಥ ಸ್ಪಷ್ಟ: ಮನೆಯವರು ಎಷ್ಟೇ ಮಗು ಎನ್ನಲಿ, ಕಾನೂನಿನ ಕಣ್ಣಿಗೆ ಹದಿನೆಂಟರ ಮರುದಿನ ಬೆಳಿಗ್ಗೆ ಅವರು ದೊಡ್ಡವರು.

ಪಹಣಿಯಲ್ಲಿ ಯಾರ ಹೆಸರು?

ದೊಡ್ಡವರು ಅಂದಮೇಲೆ ಅವರ ಪರವಾಗಿ ಸಹಿ ಹಾಕುವ ಹಕ್ಕು ಅಪ್ಪ ಅಮ್ಮನಿಗೂ ಇಲ್ಲ. ಇದು ನಮ್ಮ ಕಡೆಯ ಮನೆಗಳಿಗೆ ನಂಬಲಾಗದ ಸಂಗತಿ. ಹೆತ್ತವಳು ನಾನು, ಬ್ಯಾಂಕಿನವನು ಯಾರು ಕೇಳೋಕೆ ಎನ್ನುತ್ತಾರೆ. ಆದರೆ ಹುಡುಗನ ಖಾತೆ ‘ಅಪ್ರಾಪ್ತ’ ಎಂಬಲ್ಲಿಂದ ‘ಪ್ರಾಪ್ತ’ ಎಂಬಲ್ಲಿಗೆ ದಾಟುವಾಗ ಬ್ಯಾಂಕು ಈ ಮಾತನ್ನು ಎತ್ತಿಯೇ ಎತ್ತುತ್ತದೆ. ಇದಕ್ಕಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ, ಈ ನಾಲ್ಕಕ್ಕೆ ಅದು ಅನ್ವಯ. ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜೊತೆಗೆ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲರೊಬ್ಬರು. ಹೆತ್ತವರು, ಬಂಧುಗಳು ಅಥವಾ ಸಂಸ್ಥೆ ಅರ್ಜಿ ಹಾಕಿದರೆ ವಿಚಾರಿಸಿ ಪೋಷಕರನ್ನು ನೇಮಿಸುತ್ತಾರೆ. ಕೋರ್ಟಿಗೆ ಅಲೆಯಬೇಕಿಲ್ಲ. ಈ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಕೂರಬೇಕೆಂದು ಕಾನೂನೇ ಹೇಳುತ್ತದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಲ್ಲದಕ್ಕೂ ದಾವಣಗೆರೆಯ ಜಿಲ್ಲಾಡಳಿತ ಭವನವೇ ವಿಳಾಸ.

ನೇಮಕವಾದ ಪೋಷಕ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪಟ್ಟಿ ಒಪ್ಪಿಸಬೇಕು. ವರ್ಷ ವರ್ಷ ಲೆಕ್ಕ ಕೊಡಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ಸಮಿತಿ ಅವನನ್ನು ಕಿತ್ತೂ ಹಾಕಬಹುದು. 2016ರ ಕಾಯ್ದೆಯಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೋಷಕ ಅಂದರೆ ಮಾಲೀಕನಲ್ಲ, ಇಬ್ಬರೂ ಕೂತು ತೀರ್ಮಾನ ಮಾಡಬೇಕು ಎನ್ನುತ್ತದೆ. ‘ಸೀಮಿತ ಪೋಷಕತ್ವ’ ಎಂದು ಅದರ ಹೆಸರು. ಯಾವ ಅಂಗಿ ಬೇಕು ಎಂಬುದರಿಂದ ಹಿಡಿದು ಯಾರ ಮನೆಯಲ್ಲಿರಬೇಕು ಎಂಬವರೆಗೆ ಆ ಹುಡುಗನನ್ನು ಕೇಳಬೇಕು ಎಂದಾಯಿತು. ನಮ್ಮಲ್ಲಿ ನೆಟ್ಟಗಿರುವ ಮಕ್ಕಳನ್ನೇ ಕೇಳುವ ರೂಢಿ ಕಡಿಮೆ, ಇದೊಂದು ದೂರದ ಮಾತು ಎನ್ನಬಹುದು. ಆಗಲಿ, ಅಂಗಿಯಿಂದಲೇ ಶುರು ಮಾಡಬಹುದಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೊನ್ನಾಳಿಯಲ್ಲಿ ಪೋಷಕ ಅಂದರೆ ಅರ್ಧ ಮಾತು ಜಮೀನಿನದ್ದು. ತುಂಗಭದ್ರೆಯ ದಡದ ಗದ್ದೆ, ಭದ್ರಾ ನೀರು ಬಂದ ಮೇಲೆ ಎದ್ದ ಅಡಿಕೆ ತೋಟ. ಅಡಿಕೆಗೆ ಬೆಲೆ ಏರಿದಂತೆಲ್ಲ ಪಾಲಿನ ಜಗಳವೂ ಏರಿದೆ. ಅಣ್ಣತಮ್ಮಂದಿರು ಪಾಲಾಗುವ ದಿನ ಹಿರಿಯರ ಎದುರು ಒಂದು ಮಾತು ಬರುತ್ತದೆ: ‘ಅವ್ನಿಗ್ಯಾಕೆ ಪಾಲು? ನಾವು ನೋಡ್ಕಳ್ಳಲ್ವಾ?’ ಹೇಳುವವರಲ್ಲಿ ಬಹಳ ಜನ ಮನಸಾರೆಯೇ ಹೇಳುತ್ತಾರೆ. ಆದರೆ ಪಾಲುಪಟ್ಟಿಯಲ್ಲಿ ಹೆಸರಿಲ್ಲದವನು ಹತ್ತು ವರ್ಷದಲ್ಲಿ ಊಟಕ್ಕೆ ಇನ್ನೊಬ್ಬರ ಕೈ ನೋಡುವವನಾಗುತ್ತಾನೆ. ಅತ್ತಿಗೆ ನಾದಿನಿಯರು ಕೆಟ್ಟವರೆಂದಲ್ಲ; ಆಸ್ತಿ ಇಲ್ಲದವನಿಗೆ ಮನೆಯಲ್ಲಿ ಮಾತೂ ಇರುವುದಿಲ್ಲ, ಅದು ಅಂಗವಿಕಲನಿಗೊಬ್ಬನಿಗೇ ಅಲ್ಲ.

ಹಳೆಯ ಧರ್ಮಶಾಸ್ತ್ರಗಳು ಹುಟ್ಟುಕುರುಡರು, ಮೂಕರು, ಬುದ್ಧಿ ಬೆಳೆಯದವರನ್ನು ಪಾಲಿನಿಂದ ಹೊರಗಿಟ್ಟಿದ್ದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಆ ಬಾಗಿಲನ್ನು ಮುಚ್ಚಿತು: ರೋಗ, ನ್ಯೂನತೆ, ಅಂಗವೈಕಲ್ಯದ ಕಾರಣಕ್ಕೆ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ. ಅಪ್ಪ ತೀರಿಕೊಂಡು ಪೌತಿ ಖಾತೆ ಮಾಡಿಸುವಾಗ ಈ ಮಗನ ಹೆಸರೂ ಬರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಹಕ್ಕು ಬಿಡಿಸಿಕೊಳ್ಳುವುದಿದೆಯಲ್ಲ, ಆಗಿರುವುದೇನೆಂದು ತಿಳಿಯದವನ ಹೆಬ್ಬೆಟ್ಟಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ತಾಯಂದಿರ ಬಾಯಲ್ಲಿ ಬರುವ ಮಾತು ಎಲ್ಲ ಕಡೆ ಒಂದೇ. ‘ನಾನ್ ಇರೋಗಂಟ ನೋಡ್ಕಂತೀನಿ, ಆಮ್ಯಾಲೆ?’ ಆ ‘ಆಮ್ಯಾಲೆ’ಗೆ ಉತ್ತರದ ಅರ್ಧ ಭಾಗ ಪಹಣಿಯ ಒಂದು ಸಾಲಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಹಣದ ಬೇರೆ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅವಲಂಬಿತ ಅಂಗವಿಕಲರಿರುವ ಮನೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ; ತೆರಿಗೆಯ ವ್ಯಾಪ್ತಿಗೇ ಬಾರದ ರೈತ ಅದನ್ನು ಉಪ್ಪು ಹಾಕಿ ನೆಕ್ಕಬೇಕೆ? ಸರ್ಕಾರಿ ನೌಕರರ ಮಕ್ಕಳಿಗಾದರೆ ಕುಟುಂಬ ಪಿಂಚಣಿ ಸಿಗುವ ಅವಕಾಶವಿದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಕೊಡುತ್ತದೆ. ಥೆರಪಿಯೂ ಅದರಲ್ಲಿ ಸೇರಿರುವುದು ವಿಶೇಷ. ಇನ್ನು ಮಾಸಾಶನ. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ವಿಧವಾ ವೇತನವನ್ನೂ, ಶೇ 40ರಿಂದ 75ರವರೆಗಿನ ವೈಕಲ್ಯದವರ ಮಾಸಾಶನವನ್ನೂ ಒಟ್ಟಿಗೇ 600ರಿಂದ 800 ರೂಪಾಯಿಗೆ ಏರಿಸಿತು. ಸಂತೋಷ. ಆದರೆ 2016ರ ಕಾಯ್ದೆಯ 24ನೇ ಕಲಂ ಪ್ರಕಾರ ಅಂಗವಿಕಲರಿಗೆ ಕೊಡುವ ನೆರವು ಬೇರೆಯವರಿಗೆ ಕೊಡುವ ಅಂಥದೇ ನೆರವಿಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. 800ಕ್ಕಿಂತ ಶೇ 25 ಹೆಚ್ಚೆಂದರೆ 1,000. ಈ ಲೆಕ್ಕಕ್ಕೆ ಹಣಕಾಸು ತಜ್ಞರು ಬೇಕಿಲ್ಲ, ಐದನೇ ಕ್ಲಾಸಿನ ಹುಡುಗ ಸಾಕು.

ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ

ಗೆದ್ದವರ ಕಥೆ ನಮಗೆ ಇಷ್ಟ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಎತ್ತರ ಜಿಗಿತದ ಬೆಳ್ಳಿ ತಂದರು. ಎರಡು ಕೈ, ಎರಡು ಕಾಲಿಲ್ಲದ ಮಂಡ್ಯದ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾದರು, 2024ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ನಮಸ್ಕಾರ. ಈ ಲೇಖನ ಯಾವ ಪದಕವನ್ನೂ ತರದವರ ಬಗ್ಗೆ. ದೇಶದ ಅಂಗವಿಕಲರಲ್ಲಿ ದುಡಿಮೆಯಲ್ಲಿರುವವರು ನೂರಕ್ಕೆ 36 ಎಂದು 2011ರ ಜನಗಣತಿ ಹೇಳಿತ್ತು, ಹೆಂಗಸರಲ್ಲಿ 23. ಸರ್ಕಾರಿ ನೌಕರಿಯಲ್ಲಿ ಕಾಯ್ದೆ ಕೊಟ್ಟ ಶೇ 4ರ ಮೀಸಲಿನಲ್ಲಿ ಕಣ್ಣಿನವರಿಗೆ 1, ಕಿವಿಯವರಿಗೆ 1, ಕೈಕಾಲಿನವರಿಗೆ 1. ಉಳಿದ ಒಂದರಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ ಎಲ್ಲರೂ ಒಟ್ಟಿಗೆ ಕೂರಬೇಕು. ನಮ್ಮ ಬಸ್ಸಿನ ಹುಡುಗನಿಗೆ ಆ ಬೆಂಚಿನಲ್ಲಿ ಜಾಗ ಸಿಗುವ ಆಸೆಯನ್ನು ನಾನಂತೂ ಹುಟ್ಟಿಸಲಾರೆ.

ಪಟ್ಟಣಗಳಲ್ಲಿ ಬೇರೆ ಪ್ರಯತ್ನಗಳಾಗಿವೆ. 2017ರಲ್ಲಿ ಅಲೀನಾ ಆಲಂ ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ ಶುರು ಮಾಡಿದ ಮಿಟ್ಟಿ ಕೆಫೆಯಲ್ಲಿ ಚಹಾ ಮಾಡುವವರು, ತಂದುಕೊಡುವವರು, ಗಲ್ಲಾ ನೋಡುವವರು ಎಲ್ಲ ಅಂಗವಿಕಲರೇ. ಅದೇ ಕೆಫೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು, ಮುಖ್ಯ ನ್ಯಾಯಮೂರ್ತಿಗಳೇ ಉದ್ಘಾಟಿಸಿದರು. ಹುಬ್ಬಳ್ಳಿಯ ಚಹಾ ದೆಹಲಿ ತಲುಪಿದ್ದು ಹೆಮ್ಮೆಯ ಮಾತು. ಆದರೆ ಹೊನ್ನಾಳಿಗೆ, ಜಗಳೂರಿಗೆ ಕೆಫೆ ಬೇಡ. ಕೆಲಸ ಇಲ್ಲೇ ಇದೆ. ಅದನ್ನು ಚೂರು ಮಾಡಲು ಬಂದರೆ ಸಾಕು.

ವಿಶೇಷ ಶಿಕ್ಷಕರಿಗೆ ಈ ವಿದ್ಯೆ ಗೊತ್ತು. ಒಂದು ಕೆಲಸವನ್ನು ಹತ್ತು ಹದಿನೈದು ಪುಟ್ಟ ಹೆಜ್ಜೆಗಳಾಗಿ ಒಡೆದು, ಒಂದೊಂದನ್ನೇ ಕೈಹಿಡಿದು ಕಲಿಸುವುದು. ಅಡಿಕೆ ಮನೆಯನ್ನೇ ತೆಗೆದುಕೊಳ್ಳಿ. ಕೊನೆ ಇಳಿಸುವುದು, ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಅಂಗಳದಲ್ಲಿ ಹರವುವುದು, ಕೈಯಾಡಿಸುವುದು, ಮಳೆ ಮೋಡ ಕಂಡರೆ ಟಾರ್ಪಾಲು ಎಳೆಯುವುದು, ಆರಿಸುವುದು, ಚೀಲ ತುಂಬುವುದು. ಮರ ಹತ್ತುವುದು ಬೇಡ. ಸುಲಿಯುವ ಕತ್ತಿಯ ಹತ್ತಿರ, ಕುದಿಯುವ ಹಂಡೆಯ ಹತ್ತಿರ ಫಿಟ್ಸ್ ಬರುವ ಹುಡುಗನನ್ನು ಕೂರಿಸಲೇಬಾರದು. ಆದರೆ ಹರವಿದ ಅಡಿಕೆಗೆ ಗಂಟೆಗೊಮ್ಮೆ ಕೈಯಾಡಿಸುವುದನ್ನು ಅವನು ಕಲಿಯಬಲ್ಲ. ಕಲಿತರೆ ಬಿಡುವುದಿಲ್ಲ; ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಲು ನಮಗೆ ಬೇಸರ, ಅವನಿಗೆ ಸಮಾಧಾನ. ರಾಶಿಯಿಂದ ಕೀಳು ದರ್ಜೆಯ ಗೊರಬಲು ಬೇರ್ಪಡಿಸಲು ಕಣ್ಣು ಪಳಗಬೇಕು, ಅದನ್ನು ಕೆಲವರು ಕಲಿತಾರು, ಕೆಲವರಿಗೆ ಹತ್ತಲಿಕ್ಕಿಲ್ಲ. ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿ ಮನೆಗಳಲ್ಲಿ ಸುಗ್ಗಿಯಲ್ಲಿ ಕೈ ಸಾಲದೆ ಹೊರಗಿನಿಂದ ಆಳು ತರುತ್ತಾರೆ. ಊರೊಳಗಿನ ಎರಡು ಕೈ ಮನೆಯ ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತವೆ.

ಸುಗ್ಗಿ ಮುಗಿದ ಮೇಲೆ? ಹಾಲಿನ ಡೇರಿ ಇದೆ. ನನ್ನ ಮಟ್ಟಿಗೆ ಇಂಥ ಯುವಕರ ದೊಡ್ಡ ಶಾಲೆ ಹಳ್ಳಿಯ ಹಾಲು ಉತ್ಪಾದಕರ ಸಂಘವೇ. ವರ್ಷದ ಎಲ್ಲ ದಿನ, ಹೊತ್ತಿಗೆ ಸರಿಯಾಗಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಸುವಿಗೆ ಹುಲ್ಲು ಹಾಕಿ, ಕ್ಯಾನು ತೊಳೆದು, ಚೆಲ್ಲದಂತೆ ಹಿಡಿದು, ಸಾಲಿನಲ್ಲಿ ನಿಂತು, ಅಳೆಯಿಸಿ, ಚೀಟಿ ತಂದು ಅಮ್ಮನ ಕೈಗಿಡುವುದು. ಹೋಗಿ ಬರುವ ದಾರಿಯಲ್ಲಿ ಹತ್ತು ಜನ ಮಾತಾಡಿಸುತ್ತಾರೆ. ಒಂದು ದಿನ ಕಾಣದಿದ್ದರೆ ‘ಯಾಕೋ ನಿನ್ನೆ ಬರಲಿಲ್ಲ’ ಎನ್ನುತ್ತಾರೆ. ಸದಸ್ಯತ್ವದ ಪುಸ್ತಕದಲ್ಲಿ ಅವನದೇ ಹೆಸರಿದ್ದು, ಬಟವಾಡೆ ಅವನದೇ ಖಾತೆಗೆ ಬಿದ್ದರೆ ಅದು ಎಷ್ಟೇ ಇರಲಿ, ಮನೆಯಲ್ಲಿ ಅವನನ್ನು ನೋಡುವ ರೀತಿ ಬೇರೆಯಾಗುತ್ತದೆ. ಜಗಳೂರಿನ ಕಡೆ ನೀರಿಲ್ಲ, ತೋಟವಿಲ್ಲ. ಅಲ್ಲಿ ಕುರಿಯಿದೆ, ಮೆಕ್ಕೆಜೋಳದ ಕಣವಿದೆ. ನರೇಗಾ ಕೆಲಸದಲ್ಲಿ ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ ಇಟ್ಟು, ನೀರು ಕೊಡುವುದು, ಮಕ್ಕಳನ್ನು ನೋಡಿಕೊಳ್ಳುವಂಥ ಹಗುರ ಕೆಲಸ ಕೊಟ್ಟದ್ದುಂಟು. ಕೂಲಿ ಪಡೆದವನು ಹುಡುಗನೋ, ಅವನ ಹೆಸರಿನ ಜಾಬ್ ಕಾರ್ಡೋ ಎಂಬುದು ಪಂಚಾಯಿತಿಯವರ ಮನಸ್ಸಿಗೆ ಬಿಟ್ಟದ್ದು.

   

ಗಡಿಯಾಚೆಯ ಒಂದು ಪಂಚಾಯಿತಿ

ಇಂಥ ಯಾವ ಕೆಲಸವೂ ಆಗದ ಮಕ್ಕಳಿದ್ದಾರೆ. ಎತ್ತಿ ಕೂರಿಸಬೇಕು, ಉಣಿಸಬೇಕು, ತೊಳೆಯಬೇಕು. ಹದಿನೆಂಟಕ್ಕೆ ಐವತ್ತು ಕಿಲೊ ತೂಗುವವರನ್ನು ಎತ್ತಿದ ತಾಯಿಯ ಸೊಂಟ ನಲವತ್ತೈದಕ್ಕೇ ಮುರಿದಿರುತ್ತದೆ. ಇವರಿಗೆ ಬೇಕಾದ್ದು ಹಗಲು ಪಾಲನಾ ಕೇಂದ್ರ, ಆಗಾಗ ತಾಯಿಗೆ ನಾಲ್ಕು ದಿನದ ಬಿಡುವು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಾಸರಗೋಡಿನದು. ಅಲ್ಲಿ ತೋಟಗಾರಿಕಾ ನಿಗಮದ ಗೇರುತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಮಕ್ಕಳು ಹುಟ್ಟುತ್ತಲೇ ಸೊರಗಿದ್ದನ್ನು ಡಾಕ್ಟರ್ ಮೋಹನ ಕುಮಾರ್ ಗುರುತಿಸಿದರು, ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಲೋಕಕ್ಕೆ ಹೇಳಿದರು. ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಮೊದಲ ಮಕ್ಕಳು ದೊಡ್ಡವರಾಗಿದ್ದರು.

ಕೇರಳದಲ್ಲಿ 2004ರಲ್ಲಿ ತಿರುವನಂತಪುರದ ವೆಂಗಾನೂರಿನಲ್ಲಿ ಹುಟ್ಟಿದ ‘ಬಡ್ಸ್’ ಎಂಬ ಏರ್ಪಾಡು ಕಾಸರಗೋಡಿನ ಪೀಡಿತ ಪಂಚಾಯಿತಿಗಳಿಗೂ ಬಂತು. ಅದರ ಹಂಚಿಕೆ ನೋಡಿ: ಹದಿನೆಂಟರವರೆಗೆ ಬಡ್ಸ್ ಶಾಲೆ, ಹದಿನೆಂಟು ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ನಡೆಸುವುದು ಸ್ಥಳೀಯ ಸಂಸ್ಥೆ, ಹೆಗಲು ಕೊಡುವುದು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ದೊಡ್ಡವರಾದವರಿಗೆ ಹೋಗಲು ಒಂದು ಜಾಗ ಬೇಕೆಂದು ಸರ್ಕಾರವೊಂದು ಬರೆದು ಒಪ್ಪಿಕೊಂಡಿತಲ್ಲ, ಅದೇ ದೊಡ್ಡದು. ನಮ್ಮ ದಕ್ಷಿಣ ಕನ್ನಡದಲ್ಲೂ ಎಂಡೋಸಲ್ಫಾನ್ ಪೀಡಿತರಿಗಾಗಿ ಕೊಕ್ಕಡ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರ ತೆರೆದರು. ಹಾಗಾದರೆ ಹೊನ್ನಾಳಿಗೆ ಅಂಥದೊಂದು ಬೇಕಾದರೆ ಇಲ್ಲಿಯೂ ಆಕಾಶದಿಂದ ವಿಷ ಬೀಳಬೇಕೇ?

ಬೀಳಬೇಕಿಲ್ಲ. ಕೈಯಲ್ಲಿರುವುದನ್ನು ಎಣಿಸಿ. ದಾವಣಗೆರೆಯಲ್ಲಿ 2017ರಿಂದ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ವಿಶೇಷ ಶಿಕ್ಷಕರನ್ನು ತಯಾರು ಮಾಡುವುದೂ ಅದರ ಕೆಲಸ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ 2014ರಲ್ಲೇ ಶುರು ಮಾಡಿದೆ. ಹದಿನೆಂಟರ ನಂತರದ ಗುಳಿಗೆಯ ಪ್ರಶ್ನೆಗೆ ಮೊದಲು ಬಡಿಯಬೇಕಾದ ಬಾಗಿಲು ಅದು. ತಾಲೂಕಿಗೊಬ್ಬ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಂಚಾಯಿತಿಗೊಬ್ಬ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಗೌರವಧನದ ಮೇಲೆ ದುಡಿಯುತ್ತಾರೆ. ಹೆಚ್ಚಿನವರು ತಾವೇ ಅಂಗವಿಕಲರು. ಯಾವ ಮನೆಯಲ್ಲಿ ಯಾರಿದ್ದಾರೆಂಬ ಪಟ್ಟಿ ಅವರ ಹತ್ತಿರ ಇರುತ್ತದೆ. ಜೊತೆಗೆ ಪಂಚಾಯಿತಿ ತನ್ನ ಸ್ವಂತ ವರಮಾನದ ಶೇ 5ನ್ನು ಅಂಗವಿಕಲರಿಗೆಂದೇ ತೆಗೆದಿಡಬೇಕು. ಆ ದುಡ್ಡನ್ನು ವರ್ಷದ ಕೊನೆಗೆ ತಲೆಗೊಂದು ಸಾಮಾನಾಗಿ ಹಂಚಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ನಾಲ್ಕು ಪಂಚಾಯಿತಿ ಸೇರಿ, ಮಕ್ಕಳಿಲ್ಲದೆ ಮುಚ್ಚಿದ ಒಂದು ಶಾಲೆಯ ಕೋಣೆ, ಒಬ್ಬ ವಿಶೇಷ ಶಿಕ್ಷಕಿ, ಒಬ್ಬ ಆಯಾ, ಮಧ್ಯಾಹ್ನದ ಊಟ ಇಷ್ಟಕ್ಕೆ ಕೂಡಿಹಾಕುವುದು ಕಷ್ಟ. ಸ್ವಂತ ವರಮಾನವೇ ತೆಳ್ಳಗಿರುವ ಪಂಚಾಯಿತಿಗಳಿಗೆ ಅದೊಂದೇ ಸಾಲದು, ಜಿಲ್ಲಾ ಪಂಚಾಯಿತಿ ಕೈ ಜೋಡಿಸಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೂ ಕಷ್ಟದ್ದನ್ನೇ ಮಾಡಬೇಕು.

2023ರ ವಿಧಾನಸಭಾ ಚುನಾವಣೆಯಲ್ಲಿ ನಡೆಯಲಾಗದ ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ರಾಜ್ಯದಲ್ಲಿ ಮೊದಲ ಸಲ ಬಂತು. ಒಂದು ಮತಕ್ಕಾಗಿ ಅಧಿಕಾರಿಗಳು, ಪೊಲೀಸರು, ವಿಡಿಯೊ ತೆಗೆಯುವವರು ಮನೆ ಬಾಗಿಲಿಗೆ ಬಂದರು. ಸರ್ಕಾರಕ್ಕೆ ಈ ಮನೆಗಳಿಗೆ ಬರಲು ದಾರಿ ಗೊತ್ತಿದೆ ಎಂದಾಯಿತಲ್ಲ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಪಂಚಾಯಿತಿಯಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ಹೋಗಿ. ನಿಮ್ಮ ಮನೆಯಲ್ಲಿ ಇಂಥವರು ಇಲ್ಲದಿದ್ದರೂ ಹೋಗಿ, ಇದ್ದವರಿಗೆ ಬಿಡುವಿರುವುದಿಲ್ಲ. ವಿಆರ್‌ಡಬ್ಲ್ಯುವನ್ನು ಎದ್ದು ನಿಲ್ಲಿಸಿ ಎರಡು ಪ್ರಶ್ನೆ ಕೇಳಿ: ನಮ್ಮೂರಿನಲ್ಲಿ ಹದಿನಾಲ್ಕು ದಾಟಿ ಹದಿನೆಂಟರ ಒಳಗಿರುವ ಇಂಥ ಮಕ್ಕಳೆಷ್ಟು? ಹೋದ ವರ್ಷದ ಶೇ 5ರ ದುಡ್ಡು ಯಾವುದಕ್ಕೆ ಹೋಯಿತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.